ಎಡಗಾಲಿನ ಲೆಕ್ಕ: ಅಂಜೂರದ ತೋಟಕ್ಕೆ ಟ್ರ್ಯಾಕ್ಟರ್ ಆರಿಸಿದ್ದು

ಪುಣೆ ಹತ್ತಿರದ ಸಾಸವಡದ ಗ್ಯಾರೇಜಿನಲ್ಲಿ ನಮ್ಮ ಹಳೇ ಟ್ರ್ಯಾಕ್ಟರಿನ ನಡು ಬಿಚ್ಚಿ ಎರಡು ಹೋಳು ಮಾಡಿ ಇಟ್ಟಿದ್ದರು. ಎಂಜಿನ್ನಿನ ಕಡೆಯ ಅರ್ಧಕ್ಕೆ ಜ್ಯಾಕು ಕೊಟ್ಟಿತ್ತು, ಹಿಂದಿನ ಅರ್ಧ ಕಟ್ಟಿಗೆ ದಿಮ್ಮಿಯ ಮೇಲೆ ಕೂತಿತ್ತು. ಮಿಸ್ತ್ರಿ ಕ್ಲಚ್ ಪ್ಲೇಟು ತೆಗೆದು ನನ್ನ ಕೈಗೆ ಕೊಟ್ಟ. ಲೈನಿಂಗ್ ಪೂರ್ತಿ ಸವೆದು ರಿವೆಟ್ಟಿನ ತಲೆಗಳು ಎದ್ದಿದ್ದವು. ಮೂಗಿನ ಹತ್ತಿರ ಹಿಡಿದರೆ ಸುಟ್ಟ ವಾಸನೆ ಇನ್ನೂ ಹೋಗಿರಲಿಲ್ಲ. ಹೊಸದು ಹಾಕಿಸಿ ಹದಿನಾಲ್ಕೇ ತಿಂಗಳಾಗಿತ್ತು. ಪ್ಲೇಟಿನ ಬೆಲೆ ಅಂಥ ದೊಡ್ಡದಲ್ಲ. ಆದರೆ ಅದನ್ನು ಬದಲಿಸಬೇಕೆಂದರೆ ಪ್ರತಿ ಸಲ ಗಾಡಿಯ ನಡು ಹೀಗೆ ಬಿಚ್ಚಬೇಕು, ಮೂರು ನಾಲ್ಕು ದಿನ ಕೆಲಸ ನಿಲ್ಲಬೇಕು.

ಬಿಚ್ಚಿದ್ದು ಬಿಚ್ಚಿಯಾಯಿತು, ಗೇರ್‌ಬಾಕ್ಸಿನ ಮೇಲಿನ ಮುಚ್ಚಳವನ್ನೂ ತೆಗೆದುಬಿಡು ಅಂದೆ. ಭೋಸರಿಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ 31 ವರ್ಷ ಗೇರು ಮಾಡುವ ಕಾರ್ಖಾನೆಯಲ್ಲಿ ದುಡಿದವನು ನಾನು. ಮೊದಲು ಗೇರಿನ ಹಲ್ಲು ಕೊರೆಯುವ ಹಾಬಿಂಗ್ ಮಷಿನ್ನಿನ ಮೇಲೆ, ಕೊನೆಯ ಹನ್ನೊಂದು ವರ್ಷ ತಪಾಸಣೆ ವಿಭಾಗದಲ್ಲಿ. ಸಾವಿರಾರು ಗೇರುಗಳನ್ನು ಹೊಸದಾಗಿ ನೋಡಿದ್ದೇನೆ, ಎಣ್ಣೆ ಸವರಿ ಕಾಗದ ಸುತ್ತಿ ಕಳಿಸಿದ್ದೇನೆ. ಎಂಟು ವರ್ಷ ಹೊಲದಲ್ಲಿ ದುಡಿದ ಗೇರನ್ನು ಕೈಯಲ್ಲಿ ಹಿಡಿದು ನೋಡಿದ್ದು ಅದೇ ಮೊದಲು.

ಮಿಸ್ತ್ರಿ ಚಿಂದಿ ಬಟ್ಟೆಯಿಂದ ಎಣ್ಣೆ ಒರೆಸಿದ. ಹಲ್ಲಿನ ಮೈ, ಅಂದರೆ ಒಂದು ಗೇರು ಇನ್ನೊಂದರ ಮೇಲೆ ಉರುಳುವ ಜಾಗ, ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಒಂದು ಕುಳಿ ಇಲ್ಲ, ಗೀರಿಲ್ಲ. ಉಗುರು ಎಳೆದು ನೋಡಿದೆ, ಎಲ್ಲೂ ತಡೆಯಲಿಲ್ಲ. ಆದರೆ ಹಲ್ಲಿನ ತುದಿ, ಪಕ್ಕದ ಅಂಚು, ನಾಲ್ಕು ಮಿಲಿಮೀಟರಿನಷ್ಟು ಜಜ್ಜಿ ಹೋಗಿತ್ತು. ಸುತ್ತಿಗೆ ತಿಂದ ಉಳಿಯ ತಲೆ ಹೇಗೆ ಅರಳಿರುತ್ತದೋ ಹಾಗೆ. ಎರಡು ಹಲ್ಲಿನ ಮೂಲೆ ಮುರಿದೇ ಹೋಗಿತ್ತು. ಅಂದರೆ ಆ ಗೇರು ಕೆಲಸ ಮಾಡಿ ಹಾಳಾಗಿರಲಿಲ್ಲ, ಗೇರು ಹಾಕುವಾಗ, ತೆಗೆಯುವಾಗ ತಿಂದ ಪೆಟ್ಟಿಗೆ ಹಾಳಾಗಿತ್ತು. ಹೊಸ ಟ್ರ್ಯಾಕ್ಟರಿನ ವಿಚಾರ ನನ್ನ ತಲೆಯಲ್ಲಿ ನಿಜವಾಗಿ ಶುರುವಾದದ್ದು ಅಲ್ಲಿಂದ. ಅದು 2025ರ ಆಗಸ್ಟು.

ನಮ್ಮದು ವಿಜಯಪುರ ಜಿಲ್ಲೆಯ ಇಂಡಿ ಕಡೆ. ಪುಣೆಗೆ ಬಂದು ಮೂವತ್ತೈದು ವರ್ಷ ಮೀರಿತು. ಪುರಂದರ ತಾಲ್ಲೂಕಿನಲ್ಲಿ, ಸಾಸವಡದ ಆಚೆ, ಅಣ್ಣ ನಾನು ಸೇರಿ ಮಾಡಿದ ಮೂರೂವರೆ ಎಕರೆ ತೋಟ ಇದೆ. ಒಂದೂವರೆ ಎಕರೆ ಅಂಜೂರ, ಉಳಿದದ್ದು ಸೀತಾಫಲ. ಪುರಂದರದ ಅಂಜೂರಕ್ಕೆ 2016ರಲ್ಲೇ ಜಿಐ ಗುರುತು, ಅಂದರೆ ಬೆಳೆದ ನೆಲದ ಹೆಸರಿನ ಅಧಿಕೃತ ಗುರುತು, ಸಿಕ್ಕಿದೆ. ಪುಣೆಯ ಗುಲ್ಟೇಕಡಿ ಮಾರ್ಕೆಟ್ ಯಾರ್ಡಿನಲ್ಲಿ ಸಾಸವಡದ ಬುಟ್ಟಿ ಅಂದರೆ ಒಂದು ಮಾತು ಹೆಚ್ಚೇ. ನಾನು ಕಾರ್ಖಾನೆಯ ಪಾಳಿಯಲ್ಲಿದ್ದ ಕಾಲಕ್ಕೆ ತೋಟವನ್ನು ಎತ್ತಿ ನಿಲ್ಲಿಸಿದ್ದು ನನ್ನ ಹೆಂಡತಿ. ಟ್ರ್ಯಾಕ್ಟರ್ ಹೊಡೆಯುವವಳೂ ಅವಳೇ. 2017ರಲ್ಲಿ ಬಾರಾಮತಿ ಕಡೆಯಿಂದ ಆ ಹಳೇ ಸಣ್ಣ ಟ್ರ್ಯಾಕ್ಟರ್ ತಂದಾಗ ಮೊದಮೊದಲು ಔಷಧ ಹೊಡೆಯಲು ಆಳು ಇಟ್ಟೆವು. ಆಳು ಬಂದ ದಿನ ಗಾಳಿ ಜೋರು, ಗಾಳಿ ಇಲ್ಲದ ದಿನ ಆಳು ಇಲ್ಲ. ಕೊನೆಗೆ ಅವಳೇ ಹತ್ತಿ ಕೂತಳು. ಅದಕ್ಕೂ ಮೊದಲು ಅವಳು ಓಡಿಸಿದ್ದು ಸ್ಕೂಟಿ ಒಂದೇ.

ಅಂಜೂರಕ್ಕೆ ದೊಡ್ಡ ಪೀಡೆ ತಾಂಬೇರಾ, ತುಕ್ಕು ರೋಗ. ಎಲೆಯ ಕೆಳಮೈಯಲ್ಲಿ ತುಕ್ಕು ಬಣ್ಣದ ಚುಕ್ಕೆ ಏಳುತ್ತದೆ, ಎಲೆ ಉದುರುತ್ತದೆ, ಎಲೆ ಉದುರಿದ ಗಿಡ ಹಣ್ಣು ಹಿಡಿದುಕೊಳ್ಳುವುದಿಲ್ಲ. ಔಷಧ ಎಲೆಯ ಕೆಳಗಿನ ಮೈಗೆ ತಾಗಲೇಬೇಕು. ಅದಕ್ಕೇ ಬ್ಲೋವರ್. ಟ್ರ್ಯಾಕ್ಟರಿನ ಹಿಂದೆ ಪಿಟಿಓಗೆ, ಅಂದರೆ ಎಂಜಿನ್ನಿನ ಶಕ್ತಿಯನ್ನು ಹಿಂದಿನ ಯಂತ್ರಕ್ಕೆ ಕೊಡುವ ತಿರುಗುವ ಶಾಫ್ಟಿಗೆ, ಜೋಡಿಸಿದ ಫ್ಯಾನು ಗಾಳಿಯ ರಭಸದಿಂದ ಎಲೆ ತಿರುವಿ ಹನಿ ಕೂರಿಸುತ್ತದೆ. ಫ್ಯಾನು ಸರಿಯಾಗಿ ಬೀಸಬೇಕಾದರೆ ಪಿಟಿಓ ನಿಮಿಷಕ್ಕೆ 540 ಸುತ್ತು ತಿರುಗಬೇಕು. ಅಂದರೆ ಎಂಜಿನ್ನನ್ನು ಒಂದೇ ವೇಗದಲ್ಲಿ ನಿಲ್ಲಿಸಿ ಇಡಬೇಕು. ಆಕ್ಸಿಲರೇಟರ್ ತಗ್ಗಿಸಿದಿರೋ, ಗಾಡಿಯ ಜೊತೆಗೆ ಫ್ಯಾನೂ ಸೋಲುತ್ತದೆ.

ಟ್ರ್ಯಾಕ್ಟರ್ ಆರಿಸುವ ವಿಚಾರದಲ್ಲಿ ನಾನು ಕಲಿತ ಎಲ್ಲಕ್ಕೂ ಬುಡ ಈ ಒಂದು ಸಂಗತಿ. ಕಾರಿನಲ್ಲಿ, ಮೋಟಾರ್ ಸೈಕಲ್ಲಿನಲ್ಲಿ ವೇಗ ಹೆಚ್ಚು ಕಡಿಮೆ ಮಾಡಲು ಆಕ್ಸಿಲರೇಟರ್ ಇದೆ. ಪಿಟಿಓ ಮೇಲೆ ಕೆಲಸ ಮಾಡುವ ಟ್ರ್ಯಾಕ್ಟರಿಗೆ ಆ ಸವಲತ್ತಿಲ್ಲ. ಎಂಜಿನ್ನಿನ ಸುತ್ತು ಕಟ್ಟಿಹಾಕಿದ್ದು. ನಡೆಯುವ ವೇಗ ಬೇಕಾದರೆ ಗೇರಿನಿಂದ ಮಾತ್ರ ಸಿಗಬೇಕು. ಬೇಕಾದ ವೇಗ ಎರಡು ಗೇರುಗಳ ನಡುವೆ ಬಿದ್ದರೆ ಅದು ಸಿಗುವುದೇ ಇಲ್ಲ.

ನಮ್ಮ ತೋಟಕ್ಕೆ ಬೇಕಾದದ್ದು ಗಂಟೆಗೆ ಸುಮಾರು ಎರಡೂವರೆ ಕಿಲೋಮೀಟರ್. ಆರು ವರ್ಷ ಎಲೆ ತಿರುವಿ ತಿರುವಿ ನೋಡಿ ಹೆಂಡತಿ ಕಂಡುಕೊಂಡ ವೇಗ ಅದು. ಹಳೇ ಟ್ರ್ಯಾಕ್ಟರಿನ ಮೊದಲ ಗೇರಿನಲ್ಲಿ ಎರಡಕ್ಕೂ ಕಡಿಮೆ: ಔಷಧ ಎಲೆಯಿಂದ ತೊಟ್ಟಿಕ್ಕಿ ನೆಲಕ್ಕೆ ಹೋಗುತ್ತದೆ, ಒಂದು ಟ್ಯಾಂಕು ಹೆಚ್ಚು ಬೇಕು. ಎರಡನೇ ಗೇರಿನಲ್ಲಿ ಮೂರೂವರೆ: ಎಲೆಯ ಕೆಳಮೈ ಒಣಗಿದ್ದು ಒಣಗಿದಂತೆಯೇ ಇರುತ್ತದೆ. ಅವಳು ಏನು ಮಾಡುತ್ತಿದ್ದಳು? ಎರಡನೇ ಗೇರು ಹಾಕಿ ಸಾಲು ಉದ್ದಕ್ಕೂ ಕ್ಲಚ್ಚನ್ನು ಅರ್ಧ ಒತ್ತಿಕೊಂಡೇ ಹೋಗುತ್ತಿದ್ದಳು. ಫ್ಯಾನೂ ಸ್ವಲ್ಪ ಸೊರಗುತ್ತಿತ್ತು, ಆದರೂ ಗಿಡಕ್ಕೆ ತಕ್ಕಮಟ್ಟಿಗೆ ನ್ಯಾಯ ಸಿಗುತ್ತಿತ್ತು. ಕ್ಲಚ್ ಸುಡುತ್ತಿತ್ತು, ಅವಳ ಎಡ ಮೊಣಕಾಲೂ. ರಾತ್ರಿ ಬಿಸಿ ಎಣ್ಣೆ ತಿಕ್ಕಿಕೊಳ್ಳುವಾಗ ಒಮ್ಮೆಯೂ ಗಾಡಿಯ ಮೇಲೆ ದೂರು ಹೇಳಲಿಲ್ಲ. ಪ್ಲೇಟು ಕೈಗೆ ಬಂದ ದಿನವೇ ನಾನು ಕೇಳಿದ್ದು, ಆಗಲೇ ಅವಳು ಹೇಳಿದ್ದು. ಅಷ್ಟು ವರ್ಷ ನಾನು ಕೇಳದೇ ಇದ್ದದ್ದು ನನಗೆ ಇವತ್ತಿಗೂ ಚುಚ್ಚುತ್ತದೆ.

ಅದೇ ಮಳೆಗಾಲದಲ್ಲಿ ಇನ್ನೊಂದು ಘಟನೆ ಆಗಿತ್ತು. ಬಾವಿಯ ಕಡೆಯ ಇಳಿಜಾರಿನಲ್ಲಿ ಏರುವಾಗ ಗಾಡಿ ಉಸಿರು ಕಟ್ಟಿದ ಹಾಗಾಯಿತಂತೆ. ಗೇರು ಇಳಿಸಲು ಕ್ಲಚ್ ಒತ್ತಿದಳು, ಎರಡನೇದರಿಂದ ಹೊರಗೆ ಬಂತು, ಮೊದಲನೇದು ಬೀಳಲಿಲ್ಲ. ಕರಕರ ಸದ್ದು, ಗಾಡಿ ನ್ಯೂಟ್ರಲ್‌ನಲ್ಲಿ, ಹಿಂದೆ ತುಂಬಿದ ಟ್ಯಾಂಕು. ಬ್ರೇಕು ಹಿಡಿಯುವಷ್ಟರಲ್ಲಿ ನಾಲ್ಕಡಿ ಹಿಂದಕ್ಕೆ ಜಾರಿ ಬ್ಲೋವರ್ ಬದುವಿಗೆ ತಾಗಿ ನಿಂತಿತು. ಬದು ಇತ್ತು, ಬದುಕಿದೆವು.

ಹಳೆಯದು ಸ್ಲೈಡಿಂಗ್ ಮೆಶ್. ಅದರಲ್ಲಿ ಗೇರು ಹಾಕುವುದು ಅಂದರೆ ಒಂದು ಗೇರನ್ನು ಶಾಫ್ಟಿನ ಮೇಲೆ ಸರಿಸಿಕೊಂಡು ಹೋಗಿ ಇನ್ನೊಂದರ ಹಲ್ಲಿನೊಳಗೆ ತುರುಕುವುದು. ತುರುಕಬೇಕಾದ್ದರಿಂದ ಹಲ್ಲು ನೆಟ್ಟಗೇ ಇರಬೇಕು. ಗಾಡಿ ನಿಲ್ಲಿಸಿ, ತಾಳ್ಮೆಯಿಂದ ಹಾಕಿದರೆ ಏನೂ ತೊಂದರೆ ಇಲ್ಲ. ಬೆಲೆ ಕಡಿಮೆ, ರಿಪೇರಿ ಸುಲಭ, ಎಂಥ ಹಳ್ಳಿಯ ಮಿಸ್ತ್ರಿಗೂ ಗೊತ್ತು. ಓಡುವ ಗಾಡಿಯಲ್ಲಿ ಹಾಕಲು ಹೋದರೆ ಬೇರೆ ಬೇರೆ ವೇಗದಲ್ಲಿ ತಿರುಗುವ ಹಲ್ಲುಗಳು ಅಂಚಿಗೆ ಅಂಚು ಬಡಿದುಕೊಳ್ಳುತ್ತವೆ. ನಾನು ಗ್ಯಾರೇಜಿನಲ್ಲಿ ನೋಡಿದ್ದು ಅದರ ಗುರುತು. ಜೊತೆಗೆ ಕ್ಲಚ್ಚೂ ಸಿಂಗಲ್. ಒತ್ತಿದರೆ ಚಕ್ರವೂ ನಿಲ್ಲುತ್ತದೆ, ಪಿಟಿಓ ಕೂಡ ನಿಲ್ಲುತ್ತದೆ. ಸಾಲಿನ ತುದಿಯಲ್ಲಿ ತಿರುವುವಾಗ ಪ್ರತಿ ಸಲ ಫ್ಯಾನು ಸೊರಗಿ ಮತ್ತೆ ಏಳಬೇಕು. ಹೊಸ ಸಾಲಿನ ಮೊದಲ ಗಿಡಕ್ಕೆ ಗಾಳಿ ಸಾಲುವುದಿಲ್ಲ. ನಮ್ಮ ತೋಟದಲ್ಲಿ ತಾಂಬೇರಾ ಮೊದಲು ಹಿಡಿಯುತ್ತಿದ್ದದ್ದು ತುದಿಯ ಗಿಡಗಳನ್ನೇ. ಕಾರಣ ಗೊತ್ತಾಗಲು ಇಷ್ಟು ವರ್ಷ ಬೇಕಾಯಿತು.

ಒಂದು ಭಾನುವಾರ ಬದುವಿನ ಮೇಲೆ ಕೂತು ಎಣಿಸಿದೆ. ಬಾಡಿಗೆಗೆ ತಂದ ಅಂಥದೇ ಒಂದು ಗಾಡಿಯಲ್ಲಿ ಅವಳು ಔಷಧ ಹೊಡೆಯುತ್ತಿದ್ದಳು. ಅವಳ ಎಡಗಾಲು ಕೆಳಗೆ ಹೋದಾಗೆಲ್ಲ ಕಲ್ಲಿನ ಮೇಲೆ ಸುಣ್ಣದ ಕಡ್ಡಿಯಿಂದ ಒಂದು ಗೆರೆ. ಹದಿನಾರು ಸಾಲು ಮುಗಿಯುವಾಗ 118 ಗೆರೆ. ಸಾಲಿನ ನಡುವೆ ಅರ್ಧ ಒತ್ತಿ ಹಿಡಿದದ್ದು ಇದರಲ್ಲಿ ಸೇರಿಲ್ಲ. ಕಳೆ ತೆಗೆಯಲು ಬಂದಿದ್ದ ಜತ್ತ ಕಡೆಯ ಹೆಂಗಸರು, ಅವರೂ ನಮ್ಮ ಮಾತಿನವರೇ, ನನ್ನ ಗೆರೆ ನೋಡಿ "ಏನ್ ಬರ್ಯಾಕತ್ತೀರಿ ಅಣ್ಣಾರ?" ಅಂದರು. ಹೇಳಿದೆ. ಅವರಲ್ಲಿ ಹಿರಿಯಾಕೆ ಕೈಯಲ್ಲಿನ ಕುರ್ಪಿ ಕೆಳಗಿಟ್ಟು, "ನಮ್ಮ ಬಗ್ಗಿ ಏಳೋದನ್ನೂ ಯಾರರ ಹಿಂಗ ಎಣಸಬೇಕ್ ನೋಡ್ರಿ" ಅಂದಳು. ಆ ಮಾತನ್ನು ಸುಮ್ಮನೆ ದಾಟಿಸಿ ಮುಂದೆ ಹೋಗಲು ನನಗೆ ಆಗಲಿಲ್ಲ. ಅವತ್ತಿನಿಂದ ಮಧ್ಯಾಹ್ನದ ಬಿಡುವು ಅರ್ಧ ಗಂಟೆ ಹೆಚ್ಚು ಮಾಡಿದ್ದೇವೆ.

ಅಮೆರಿಕದಲ್ಲಿರುವ ಅಕ್ಕನ ಮಗ ಇಂಥದರಲ್ಲಿ ಬಹಳ ಆಸಕ್ತಿ ಇರುವವನು. ಮನೆಯ ಹಿಂದಿನ ಐದು ಎಕರೆಗೆ ಅವನೂ 25 ಎಚ್‌ಪಿಯ ಟ್ರ್ಯಾಕ್ಟರ್ ಇಟ್ಟಿದ್ದಾನೆ. ಫೋನಿನಲ್ಲಿ ವಿಷಯ ತಿಳಿದವನೇ, "ಮಾಮಾ, ಹೈಡ್ರೋಸ್ಟ್ಯಾಟಿಕ್ ಬಿಟ್ಟು ಬ್ಯಾರೇದ್ದು ನೋಡಬ್ಯಾಡ್ರಿ. ಮಾಮೀಗೆ ಕ್ಲಚ್ಚಿನ ಕಾಟಾನೇ ಇರಂಗಿಲ್ಲ" ಅಂದ. ವಿಡಿಯೋ ಕಳಿಸಿದ. ಬಲಗಾಲಿನ ಕೆಳಗೆ ಪೆಡಲು. ಮುಂದಿನದು ಒತ್ತಿದರೆ ಮುಂದೆ, ಹಿಂದಿನದು ಒತ್ತಿದರೆ ಹಿಂದೆ, ಎಷ್ಟು ಒತ್ತಿದರೆ ಅಷ್ಟು ವೇಗ. ಮುಂದುಗಡೆ ಲೋಡರಿನ ಬಕೆಟ್ಟಿನಲ್ಲಿ ಮಣ್ಣು ತುಂಬಿ ಹಿಂದೆ ಬರುತ್ತಾನೆ, ತಿರುಗಿ ಸುರಿಯುತ್ತಾನೆ, ಎಡಗಾಲು ಆಡಲೇ ಇಲ್ಲ. ಹೆಂಡತಿ ಪಕ್ಕದಲ್ಲಿ ನಿಂತು ನೋಡುತ್ತಿದ್ದಳು. "ಸ್ಕೂಟಿ ಇದ್ದಂಗ ಐತಲ್ರೀ" ಅಂದಳು. ಅವಳ ಮುಖ ನೋಡಿ, ದುಡ್ಡು ಎಷ್ಟಾದರೂ ಆಗಲಿ, ಇದನ್ನೇ ತರೋಣ ಅನಿಸಿತು ನನಗೆ.

ಅದರ ಒಳಗೆ ಇರುವುದು ಒಂದು ಪಂಪು, ಒಂದು ಮೋಟಾರು. ಎಂಜಿನ್ನು ಪಂಪು ತಿರುಗಿಸುತ್ತದೆ, ಪಂಪು ಎಣ್ಣೆಯನ್ನು ಒತ್ತಡದಲ್ಲಿ ಮೋಟಾರಿಗೆ ನೂಕುತ್ತದೆ, ಮೋಟಾರು ಚಕ್ರದ ಕಡೆಗೆ ತಿರುಗುತ್ತದೆ. ಪಂಪಿನೊಳಗೆ ಸಣ್ಣ ಪಿಸ್ಟನ್ನುಗಳು ಒಂದು ಓರೆ ತಟ್ಟೆಗೆ ಆನಿಕೊಂಡು ಸುತ್ತುತ್ತವೆ. ತಟ್ಟೆ ನೆಟ್ಟಗೆ ನಿಂತರೆ ಪಿಸ್ಟನ್ನು ಒಳಗೆ ಹೊರಗೆ ಆಡುವುದಿಲ್ಲ, ಎಣ್ಣೆ ಹರಿಯುವುದಿಲ್ಲ, ಗಾಡಿ ನಿಂತಿರುತ್ತದೆ. ತಟ್ಟೆ ಓರೆಯಾದಷ್ಟೂ ಎಣ್ಣೆ ಹೆಚ್ಚು. ಆ ಕಡೆ ಓರೆಯಾದರೆ ಹಿಮ್ಮುಖ. ಪೆಡಲು ಮಾಡುವುದು ಈ ತಟ್ಟೆಯನ್ನು ಓರೆ ಮಾಡುವ ಕೆಲಸ, ಬೇರೇನಿಲ್ಲ. ನಡುವೆ ಹೆಜ್ಜೆಗಳೇ ಇಲ್ಲ. ಎರಡೂವರೆ ಬೇಕಾದರೆ ಎರಡೂವರೆ, ಎರಡು ಮುಕ್ಕಾಲು ಬೇಕಾದರೆ ಅದೂ. ಎಂಜಿನ್ನಿನ ಸುತ್ತು ಅಷ್ಟೇ ಇರುತ್ತದೆ, ಫ್ಯಾನಿನ ಗಾಳಿಯೂ ಅಷ್ಟೇ. ನನ್ನ ತೋಟದ ಕಷ್ಟ ಕೇಳಿಯೇ ಯಾರೋ ಇದನ್ನು ಮಾಡಿದ್ದಾರೇನೋ ಅನ್ನುವಷ್ಟು ಸರಿಯಾದ ಉತ್ತರ ಅದು.

ಆದರೆ ನೋಡಲು ಎಲ್ಲಿ ಸಿಗುತ್ತದೆ? 2024ರ ಡಿಸೆಂಬರಿನಲ್ಲಿ ಮೋಶಿಯ ಕಿಸಾನ್ ಮೇಳದಲ್ಲಿ ಇಡೀ ದಿನ ತಿರುಗಿದ್ದೆ. ಸಣ್ಣ ಟ್ರ್ಯಾಕ್ಟರುಗಳ ಸಾಲೇ ಇತ್ತು. ನಾನು ಹತ್ತಿ ಕೂತು ನೋಡಿದ್ದೆಲ್ಲ ಗೇರಿನವೇ. ಸಾಸವಡ, ಜೇಜುರಿ, ಹಡಪಸರ ಮೂರೂ ಕಡೆ ಷೋರೂಮಿನಲ್ಲಿ ಕೇಳಿದೆ. ಈ ಅಳತೆಯಲ್ಲಿ ಹೈಡ್ರೋಸ್ಟ್ಯಾಟಿಕ್ ನಮ್ಮಲ್ಲಿ ಇಲ್ಲ ಅಂದರು. ನಮ್ಮ ದೇಶದಲ್ಲಿ ಅದು ಕಾಣುವುದು ಭತ್ತ ಕೊಯ್ಯುವ ಯಂತ್ರದಲ್ಲಿ, ಕೂತು ನಾಟಿ ಮಾಡುವ ಯಂತ್ರದಲ್ಲಿ, ರಸ್ತೆಯ ರೋಲರಿನಲ್ಲಿ.

ರೋಲರ್ ಅಂದ ಕೂಡಲೇ ನೆನಪಾದದ್ದು ಪುಣೆ-ಸಾಸವಡ ರಸ್ತೆಯ ದಿವೆ ಘಾಟ್. ಪಂಢರಪುರಕ್ಕೆ ಹೋಗುವ ಪಾಲಖಿಯ ದಾರಿ ಅಗಲ ಮಾಡುವ ಕೆಲಸ ಅಲ್ಲಿ ನಡೆದಿತ್ತು. ಪುಣೆಗೆ ಹೋಗಿ ಬರುವಾಗ ಮಣ್ಣು ಅದುಮುವ ಯಂತ್ರದ ಮೇಲೆ ಒಬ್ಬ ಹುಡುಗನನ್ನು ನೋಡುತ್ತಿದ್ದೆ. ಫೋನಿನಲ್ಲಿ ಕನ್ನಡ ಮಾತಾಡುವುದು ಕೇಳಿಸಿತ್ತು. ಒಂದು ಮಧ್ಯಾಹ್ನ ಊಟದ ಹೊತ್ತಿಗೆ ಗಾಡಿ ನಿಲ್ಲಿಸಿ ಮಾತಾಡಿಸಿದೆ. ಯಾದಗಿರಿ ಕಡೆಯವನು. ಡಬ್ಬಿಯಿಂದ ರೊಟ್ಟಿ ಮುರಿದು ನನಗೂ ಕೊಟ್ಟ. ನನಗೇನು ಬೇಕು ಅಂತ ತಿಳಿದ ಮೇಲೆ ಮೆಟ್ಟಿಲ ಮೇಲೆ ನಿಲ್ಲಿಸಿಕೊಂಡು ಸಮತಟ್ಟು ಜಾಗದಲ್ಲಿ ಹತ್ತು ಮಾರು ಮುಂದೆ, ಹತ್ತು ಮಾರು ಹಿಂದೆ ಓಡಿಸಿ ತೋರಿಸಿದ. ಹನ್ನೊಂದು ಟನ್ನಿನ ಯಂತ್ರ ಒಂದು ಹಿಡಿಕೆಯ ಮಾತು ಕೇಳುತ್ತಿತ್ತು. ಜರ್ಕು ಅನ್ನುವುದೇ ಇಲ್ಲ.

"ಓಡಸ್ಲಾಕ ಇದರಂಥದ್ದು ಇಲ್ಲ ಕಾಕಾ," ಅಂದ. "ಆದ್ರ ಎಣ್ಣಿ ಭಾಳ ಕಾಯ್ತದ. ಬ್ಯಾಸಗ್ಯಾಗ ಕೂಲರ್ ಜಾಳಿಗಿ ಧೂಳಿನಿಂದ ಕಟ್ಟಿತಂದ್ರ ಎರಡ್ ತಾಸಿನ್ಯಾಗ ಎಳ್ಯೋದು ಕಮ್ಮಿ ಆಗ್ತದ. ಫಿಲ್ಟರ್ ಹೊತ್ತಿಗೆ ಬದಲ್ ಮಾಡ್ಲಿಕ್ರ ಪಂಪ್ ಹೋಗ್ತದ. ಪಂಪ್ ಹೋತಂದ್ರ ಇಲ್ಲಿ ಬಿಚ್ಚಂಗಿಲ್ಲ, ಒಂದ್ ಕಣ ಧೂಳ್ ಒಳಗ ಬಿದ್ರ ಮುಗೀತು. ಕಂಪನಿ ಮನಷ್ಯಾನೇ ಬರಬೇಕು. ನಮಗ ಠೇಕೇದಾರ ಕರಸ್ತಾನ. ನಿಮಗ ಯಾರು ಕರಸ್ತಾರ?"

ಆ ಕೊನೆಯ ಪ್ರಶ್ನೆ ಇಟ್ಟುಕೊಂಡು ಘಾಟು ಹತ್ತಿದೆ. ಅವನು ಹೇಳಿದ್ದರಲ್ಲಿ ಒಂದೂ ಸುಳ್ಳಲ್ಲ. ಒಳ್ಳೆಯ ಗೇರು ಜೋಡಿ ತಾನು ಪಡೆದ ಶಕ್ತಿಯಲ್ಲಿ ಬಹುಪಾಲನ್ನು ಚಕ್ರಕ್ಕೆ ಮುಟ್ಟಿಸುತ್ತದೆ, ಕಳೆಯುವುದು ನೂರಕ್ಕೆ ಒಂದೆರಡು. ಎಣ್ಣೆಯ ಮೂಲಕ ಹೋದರೆ ಹದಿನೈದು ಇಪ್ಪತ್ತು ಪಾಲು ಕಾವಾಗಿ ಹೋಗುವುದು ಸಾಮಾನ್ಯ. 45 ಎಚ್‌ಪಿಯಲ್ಲಿ ಅಷ್ಟು ಹೋದರೆ ಹೋಗಲಿ ಅನ್ನಬಹುದು. 21, 24 ಎಚ್‌ಪಿಯ ಗಾಡಿಯಲ್ಲಿ ಬ್ಲೋವರಿಗೇ ಮುಕ್ಕಾಲು ಶಕ್ತಿ ಬೇಕು. ತುಂಬಿದ ಟ್ಯಾಂಕು ಎಳೆದು ಏರು ಹತ್ತಬೇಕು. ಅಕ್ಕನ ಮಗನ ಕೆಲಸ ಹುಲ್ಲು ಕತ್ತರಿಸುವುದು, ಮಣ್ಣು ಎತ್ತಿ ಹಾಕುವುದು, ಹಿಮ ತಳ್ಳುವುದು. ಹತ್ತು ಸೆಕೆಂಡಿಗೊಮ್ಮೆ ಮುಂದೆ ಹಿಂದೆ. ಅದಕ್ಕೆ ಪೆಡಲಿಗಿಂತ ಒಳ್ಳೆಯದಿಲ್ಲ. ನಮ್ಮದು ಒಂದೇ ವೇಗದಲ್ಲಿ ಒಂದೂವರೆ ನಿಮಿಷ, ಎರಡು ನಿಮಿಷ ನಡೆಯುವ ಸಾಲು, ತುದಿಯಲ್ಲಿ ಮಾತ್ರ ಹಿಂದೆ ಮುಂದೆ. ಅವನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರ ಶಟಲ್ ಇದ್ದದ್ದು ನೋಡ್ರಿ ಮಾಮಾ" ಅಂದ.

ಇಲ್ಲಿಂದ ಗದಗಿನ ಗೆಳೆಯನೊಬ್ಬ ಜೊತೆಯಾದ. ಭೋಸರಿಯಲ್ಲಿ ನನ್ನ ಪಕ್ಕದ ಮಷಿನ್ನಿನವನು. ಆಮೇಲೆ ಗೇರ್‌ಬಾಕ್ಸ್ ಜೋಡಣೆಯ ಕೆಲಸಕ್ಕೆ ಹೋಗಿ ಈಗ ಪಿಂಪ್ರಿಯಲ್ಲಿ ನಿವೃತ್ತ. ಹಾಳೆಯ ಮೇಲೆ ಬರೆದು ವಿವರಿಸಿದ. ಕಾನ್ಸ್‌ಟಂಟ್ ಮೆಶ್‌ನಲ್ಲಿ ಗೇರುಗಳು ಯಾವಾಗಲೂ ಒಂದಕ್ಕೊಂದು ಕೂಡಿಯೇ ಇರುತ್ತವೆ. ಶಾಫ್ಟಿನ ಮೇಲೆ ಸಡಿಲವಾಗಿ ತಿರುಗುತ್ತಿರುತ್ತವೆ. ಲಿವರ್ ತಳ್ಳಿದಾಗ ಸರಿಯುವುದು ಗೇರಲ್ಲ, ನಡುವಿನ ಕಾಲರು. ಅದು ಗೇರನ್ನು ಶಾಫ್ಟಿಗೆ ಕಟ್ಟಿಹಾಕುತ್ತದೆ. ಪೆಟ್ಟು ಬಿದ್ದರೂ ಕಾಲರಿನ ಹಲ್ಲಿಗೆ ಬೀಳುತ್ತದೆ, ಕೆಲಸ ಮಾಡುವ ಹಲ್ಲು ಉಳಿಯುತ್ತದೆ. ಸರಿಸುವ ಗೋಜಿಲ್ಲದ್ದರಿಂದ ಓರೆ ಹಲ್ಲಿನ ಹೆಲಿಕಲ್ ಗೇರು ಹಾಕಬಹುದು, ಸದ್ದು ಕಡಿಮೆ. ಸಿಂಕ್ರೊಮೆಶ್‌ನಲ್ಲಿ ಇನ್ನೊಂದು ಹೆಜ್ಜೆ ಮುಂದೆ: ಕಾಲರಿಗೂ ಗೇರಿಗೂ ನಡುವೆ ಒಂದು ಉಂಗುರ, ಹೆಚ್ಚಾಗಿ ಹಿತ್ತಾಳೆಯದು. ಕೂಡುವ ಮೊದಲು ಅದು ಗೇರಿನ ಕೋನಿಗೆ ಉಜ್ಜಿ ಎರಡರ ವೇಗವನ್ನೂ ಒಂದು ಮಾಡುತ್ತದೆ. "ಓಡೋ ಬಸ್ ಹತ್ತಾವ ನಾಕ್ ಹೆಜ್ಜಿ ಬಸ್ಸಿನ ಜೋಡೀನ ಓಡಿ ಹತ್ತತಾನಲ್ಲ, ಹಂಗ" ಅಂದ ಗೆಳೆಯ. ಅದೇ ಉಂಗುರದ ಉಪಾಯವನ್ನು ಮುಂದೆ ಹಿಂದೆ ಮಾಡುವ ಲಿವರಿಗೆ ಹಾಕಿದರೆ ಸಿಂಕ್ರೊ ಶಟಲ್. ಯಾವ ಗೇರಿನಲ್ಲಿದ್ದರೂ ಗೇರು ಮುಟ್ಟುವ ಕೆಲಸವಿಲ್ಲ. ಸ್ಟೀರಿಂಗ್ ಪಕ್ಕದ ಕಡ್ಡಿ ಮುಂದೆ, ಕಡ್ಡಿ ಹಿಂದೆ. ಕ್ಲಚ್ ಮಾತ್ರ ಒತ್ತಬೇಕು. ಅದೂ ಬೇಡವೆಂದರೆ ಎಣ್ಣೆಯಲ್ಲಿ ಮುಳುಗಿದ ಕ್ಲಚ್ಚಿನ ಪವರ್ ಶಟಲ್. ಅದು ದೊಡ್ಡ ಗಾಡಿಗಳ ವಿಷಯ.

ಸಣ್ಣ ಗಾಡಿಗಳಲ್ಲಿ ಶಟಲ್ ಇರುವುದು ಈಗ ಮೊದಲಿನಷ್ಟು ಅಪರೂಪವಲ್ಲ. ಜಾನ್ ಡೀರ್‌ನ 28 ಎಚ್‌ಪಿಯದರಲ್ಲಿ ಮುಂದೆ 8, ಹಿಂದೆ 8 ಗೇರು. 2023ರ ಆಗಸ್ಟ್ 15ರಂದು ಮಹೀಂದ್ರ ಕಂಪನಿ ಕೇಪ್‌ಟೌನಿನಲ್ಲಿ ಬಿಡುಗಡೆ ಮಾಡಿದ ಓಜಾ ಸಾಲಿನಲ್ಲಿ 12 ಮತ್ತು 12, ಸಿಂಕ್ರೊ ಶಟಲ್. ಕುಬೋಟಾದ 24 ಎಚ್‌ಪಿಯದರಲ್ಲಿ 9 ಮುಂದೆ, 3 ಹಿಂದೆ. ಸಂಖ್ಯೆ ಹೆಚ್ಚಿದ್ದರೆ ಒಳ್ಳೆಯದು ಅಂತ ಷೋರೂಮಿನವರೆಲ್ಲ ಹೇಳುತ್ತಾರೆ. ಆ ಮಾತು ಅರ್ಧ ಸರಿ. ರಸ್ತೆಯ ಮೇಲೆ ಇಪ್ಪತ್ತರಲ್ಲಿ ಓಡುವ ಗೇರು ನಾಲ್ಕಿದ್ದು ನನಗೇನು? ಎರಡರಿಂದ ಮೂರರ ನಡುವೆ ಎಷ್ಟಿವೆ, ಅಷ್ಟೇ ನನ್ನ ಪ್ರಶ್ನೆ. ಆ ಪ್ರಶ್ನೆಗೆ ಒಂದು ಷೋರೂಮಿನಲ್ಲೂ ಬಾಯಲ್ಲಿ ಉತ್ತರ ಬರಲಿಲ್ಲ. ಒಬ್ಬ ಮಾರಾಟದ ಹುಡುಗ ನನ್ನನ್ನು ಪಕ್ಕಕ್ಕಿಟ್ಟು, ಓಡಿಸುವವರು ಯಾರು ಕಾಕಾ, ಅವರನ್ನು ಕರೆತನ್ನಿ ಅಂದ. ಓಡಿಸುವವಳು ಪಕ್ಕದಲ್ಲೇ ನಿಂತಿದ್ದಳು. ಆ ಷೋರೂಮಿಗೆ ಮತ್ತೆ ಹೋಗಲಿಲ್ಲ.

ಎರಡು ಕಡೆಯವರು ಡೆಮೊಗೆ ತೋಟಕ್ಕೇ ಗಾಡಿ ತಂದರು. ಗೆಳೆಯ ಪಿಂಪ್ರಿಯಿಂದ ಟೇಪು ಹಿಡಿದು ಬಂದ. ಎರಡು ಸಾಲಿನ ನಡುವೆ 20 ಮೀಟರ್ ಅಳೆದು ಎರಡೂ ತುದಿಗೆ ಸುಣ್ಣದ ಗೆರೆ ಹಾಕಿದೆವು. ಬ್ಲೋವರ್ ಜೋಡಿಸಿ, ಟ್ಯಾಂಕಿಗೆ ನೀರು ತುಂಬಿ, ಪಿಟಿಓ 540ಕ್ಕೆ ಬರುವ ಹಾಗೆ ಎಂಜಿನ್ ಏರಿಸಿ, ಒಂದೊಂದೇ ಗೇರಿನಲ್ಲಿ ಹೆಂಡತಿ ಓಡಿಸಿದಳು. ಮುಂದಿನ ಚಕ್ರ ಗೆರೆ ಮುಟ್ಟಿದಾಗ ನಾನು ಕೂಗುವುದು, ಗೆಳೆಯ ಫೋನಿನಲ್ಲಿ ಸೆಕೆಂಡು ನೋಡುವುದು. 72ನ್ನು ಸೆಕೆಂಡಿನಿಂದ ಭಾಗಿಸಿದರೆ ಗಂಟೆಗೆ ಎಷ್ಟು ಕಿಲೋಮೀಟರ್ ಅಂತ ಬರುತ್ತದೆ. ಮೊದಲನೇ ಗಾಡಿಯಲ್ಲಿ ಒಂದು ಗೇರು 44 ಸೆಕೆಂಡು, ಅದರ ಮೇಲಿನದು 23. ಒಂದೂಮುಕ್ಕಾಲಿಗಿಂತ ಕಡಿಮೆ, ಇಲ್ಲವೇ ಮೂರರ ಮೇಲೆ. ಒಳ್ಳೆಯ ಗಾಡಿ, ಎಂಜಿನ್ನು ಬಹಳ ಮೆತ್ತಗೆ, ಆದರೆ ನಮ್ಮ ವೇಗ ಅದರ ಗೇರುಗಳ ನಡುವಿನ ಸಂದಿಯಲ್ಲಿ ಬಿದ್ದುಹೋಗಿತ್ತು. ಎರಡನೇ ಗಾಡಿ 12-12ರ ಶಟಲ್. 38, 29, 22. ನಡುವಿನ 29 ಅಂದರೆ 2.48. ಗೆಳೆಯ ಫೋನು ನನ್ನ ಕಡೆ ತಿರುಗಿಸಿ ಹಿಡಿದ, ಮಾತಾಡಲಿಲ್ಲ. ಹೆಂಡತಿ ಇಳಿದು ಬಂದು ಎಲೆ ತಿರುವಿ ನೋಡಿದಳು. ಕೆಳಮೈಯಲ್ಲಿ ಹನಿ ಕೂತಿತ್ತು, ತೊಟ್ಟಿಕ್ಕುತ್ತಿರಲಿಲ್ಲ. "ಇದ" ಅಂದಳು.

ಆದರೂ ಬಾವಿಯ ಇಳಿಜಾರು ಉಳಿದಿತ್ತು. ಅಲ್ಲಿಗೇ ಕರೆದುಕೊಂಡು ಹೋದಳು. ಏರಿನ ನಡುವೆ ಬ್ರೇಕಿನ ಮೇಲೆ ನಿಲ್ಲಿಸಿ, ಶಟಲ್ ಹಿಂದೆ, ಮತ್ತೆ ಮುಂದೆ. ಆರು ಸಲ. ಒಮ್ಮೆಯೂ ಕರಕರ ಅನ್ನಲಿಲ್ಲ. ಕ್ಲಚ್ ಅರ್ಧ ಒತ್ತಿದಾಗ ಚಕ್ರ ಮಾತ್ರ ನಿಲ್ಲುವಂಥದು, ಫ್ಯಾನು ಹಾಗೇ ಬೀಸುತ್ತಿತ್ತು. ಇಳಿಯುವಾಗ ಕ್ಲಚ್ ಮುಟ್ಟದೆ ಗೇರಿನಲ್ಲೇ ಇಳಿದಳು. ಇದು ಯಾವ ಗೇರ್‌ಬಾಕ್ಸಿನ ಗಾಡಿಗಾದರೂ ಅನ್ವಯಿಸುವ ಮಾತು: ಇಳಿಜಾರಿನಲ್ಲಿ ಕ್ಲಚ್ ಒತ್ತಿದ ಗಾಡಿಗೆ ಎಂಜಿನ್ನಿನ ಹಿಡಿತ ಇರುವುದಿಲ್ಲ. ಮನೆಯಲ್ಲಿ ಟ್ರ್ಯಾಕ್ಟರ್ ಓಡಿಸುವವರಿದ್ದರೆ ದಯಮಾಡಿ ಹೇಳಿ.

ದುಡ್ಡಿನ ವಿಚಾರ ಹೆಚ್ಚು ಬೆಳೆಸುವುದಿಲ್ಲ. ಇದು ಸ್ಲೈಡಿಂಗ್ ಮೆಶ್‌ನದಕ್ಕಿಂತ ತುಟ್ಟಿ. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರಿನ ಜಿಎಸ್‌ಟಿ 12ರಿಂದ 5ಕ್ಕೆ ಇಳಿದದ್ದರಿಂದ ಆ ಅಂತರದಲ್ಲಿ ಸ್ವಲ್ಪ ತುಂಬಿಕೊಂಡಿತು. ಹಳೆಯದನ್ನು ರಿಪೇರಿ ಮಾಡಿಸಿ ಮಾರಿದೆವು. ಕೊಂಡವನಿಗೆ ಗೇರಿನ ಹಲ್ಲು ತೋರಿಸಿಯೇ ಕೊಟ್ಟೆ. ಅವನಿಗೆ ಬೇಕಾದದ್ದು ಟ್ರಾಲಿ ಎಳೆಯಲು. ಅಕ್ಟೋಬರ್ 2, ವಿಜಯದಶಮಿಯ ದಿನ ಹೊಸದು ಮನೆಗೆ ಬಂತು. ಅಕ್ಕಪಕ್ಕದವರು ಆಪಟಾ ಎಲೆ ಕೊಟ್ಟು ಸೋನಂ ಅಂದರು, ನಾವು ಇಂಡಿಯಿಂದ ಅಣ್ಣ ತಂದ ಬನ್ನಿ ಕೊಟ್ಟು ಬಂಗಾರ ಅಂದೆವು. ಅರಿಸಿನ ಕುಂಕುಮ ಹಚ್ಚುವಾಗ ಹೆಂಡತಿ ಮೊದಲು ಹಚ್ಚಿದ್ದು ಕ್ಲಚ್ ಪೆಡಲಿಗೆ.

ಮೀಠಾ ಬಹಾರಿನ, ಅಂದರೆ ಬೇಸಿಗೆಯ ಅಂಜೂರ ಫಸಲಿನ, ಔಷಧಗಳೆಲ್ಲ ಹೊಸ ಗಾಡಿಯಲ್ಲೇ ಆದವು. ಮೊದಲ ಸಲ ಹೊಡೆಯುವಾಗ ನಾನು ಮತ್ತೆ ಬದುವಿನ ಮೇಲೆ ಸುಣ್ಣದ ಕಡ್ಡಿ ಹಿಡಿದು ಕೂತೆ. ಹದಿನಾರು ಸಾಲಿಗೆ 66 ಗೆರೆ. ಸೊನ್ನೆ ಆಗಲಿಲ್ಲ. ಪೆಡಲಿನ ಗಾಡಿಯಾಗಿದ್ದರೆ ಸೊನ್ನೆ ಆಗುತ್ತಿತ್ತು, ಅದು ನನಗೆ ಗೊತ್ತು. ಮುಂದೊಂದು ದಿನ ಈ ಅಳತೆಯಲ್ಲಿ ಅದು ನಮ್ಮ ಕಡೆ ಬಂದು, ಸಾಸವಡದಲ್ಲೇ ಪಂಪು ಬಿಚ್ಚುವ ಕೈ ಸಿಕ್ಕರೆ ಮತ್ತೆ ಯೋಚಿಸುತ್ತೇನೆ. ಆದರೆ ಸಾಲಿನ ಉದ್ದಕ್ಕೂ ಅವಳ ಎಡಗಾಲು ಪೆಡಲಿನ ಪಕ್ಕದಲ್ಲಿ, ಕಾಲಿಡುವ ತಟ್ಟೆಯ ಮೇಲೆ ಸುಮ್ಮನೆ ಕೂತಿತ್ತು. ಅರ್ಧ ಒತ್ತುವುದು ನಿಂತುಹೋಗಿದೆ. ತುದಿಯ ಗಿಡಗಳಲ್ಲಿ ಜನವರಿಯವರೆಗೂ ಎಲೆ ಹಸಿರಾಗೇ ಇತ್ತು.

50 ಗಂಟೆ ತುಂಬಿದಾಗ ಮೊದಲ ಸರ್ವಿಸು. ಗೇರಿನ ಎಣ್ಣೆ ಇಳಿಸುವಾಗ ನಾನೇ ಹತ್ತಿರ ಕೂತೆ. ಡ್ರೇನ್ ಪ್ಲಗ್ಗಿನ ಅಯಸ್ಕಾಂತಕ್ಕೆ ಕರಿ ಕೆಸರಿನಂಥದ್ದು ಅಂಟಿತ್ತು. ಹೆಬ್ಬೆರಳು ತೋರುಬೆರಳಿನ ನಡುವೆ ತಿಕ್ಕಿದೆ. ಜೋಳದ ಹಿಟ್ಟಿಗಿಂತ ನುಣುಪು. ಹೊಸ ಹಲ್ಲು ಹಲ್ಲಿಗೆ ಹೊಂದಿಕೊಳ್ಳುವಾಗ ಬರುವ ಪುಡಿ. ಬಿಸಿಲಿಗೆ ಹಿಡಿದು ನೋಡಿದೆ. ಚೂರು ಒಂದೂ ಇರಲಿಲ್ಲ. ಒರೆಸಿ ಪ್ಲಗ್ಗು ಬಿಗಿದು ಕೊಟ್ಟೆ.

"ಆತೇನ್ರೀ? ಟ್ಯಾಂಕಿಗೆ ನೀರ್ ತುಂಬೇತಿ," ಅಂತ ಬಾವಿ ಕಡೆಯಿಂದ ಕೂಗು ಬಂತು.